ಹಲ್ಲಿನ ಕುರ್ಚಿಯಿಂದ ಗುರುವಾರದ ಲಸಿಕೆಗೆ

ಕೋಲಾರ ಸೀಮೆಗೆ ಬಾಯಿ ಕ್ಯಾನ್ಸರ್ ಹೊಸದಲ್ಲ. ಎಲೆ, ಅಡಿಕೆ, ಸುಣ್ಣಕ್ಕೆ ಹೊಗೆಸೊಪ್ಪನ್ನೋ ಕಡ್ಡಿಪುಡಿಯನ್ನೋ ಸೇರಿಸಿ, ಆ ಉಂಡೆಯನ್ನು ಕೆನ್ನೆಗೆ ಒತ್ತರಿಸಿಕೊಂಡೇ ನಿದ್ದೆ ಹೋಗುವ ಹೆಂಗಸರು ಇಲ್ಲಿದ್ದಾರೆ. ಉಂಡೆ ಕೂತ ಜಾಗದಲ್ಲೇ ಮುಂದೆ ಹುಣ್ಣೇಳುತ್ತದೆ. ಹೀಗಿರುವಾಗ ಹಲ್ಲು ತೋರಿಸಲು ಬಂದ ಹುಡುಗಿಯರನ್ನು ಲಸಿಕೆಗೆ ಕಳಿಸಲೆಂದು ಹಲ್ಲಿನ ಡಾಕ್ಟರು ಎಚ್‌ಪಿವಿ (ಹ್ಯೂಮನ್ ಪ್ಯಾಪಿಲೋಮಾ ವೈರಸ್) ಲಸಿಕೆಯ ಮಾತೆತ್ತಿದರೆ, ಬಾಯಿ ಕ್ಯಾನ್ಸರ್‌ಗೂ ಸೂಜಿ ಬಂತು ಎಂದು ಜನ ತಿಳಿದುಕೊಳ್ಳಬಹುದು. ಬಂದಿಲ್ಲ. ಕೆನ್ನೆ, ಒಸಡಿನ ಈ ಹುಣ್ಣುಗಳ ಮೂಲ ಬಹುಪಾಲು ತಂಬಾಕು ಮತ್ತು ಅಡಿಕೆ. ಎಚ್‌ಪಿವಿ ವೈರಸ್ಸು ಕಾಡುವುದು ಮುಖ್ಯವಾಗಿ ಗರ್ಭಕಂಠವನ್ನು. ತಲೆ-ಕುತ್ತಿಗೆ ಭಾಗದಲ್ಲಾದರೆ ಟಾನ್ಸಿಲ್ ಮತ್ತು ನಾಲಿಗೆಯ ಬುಡವನ್ನು. ಈ ವ್ಯತ್ಯಾಸ ಮೊದಲೇ ಬಿಡಿಸಿ ಹೇಳದಿದ್ದರೆ, ಲಸಿಕೆ ಹಾಕಿಸಿಕೊಂಡವರು ಕಡ್ಡಿಪುಡಿ ಬಿಡುವ ಗೋಜಿಗೆ ಹೋಗುವುದಿಲ್ಲ.

ವೈರಸ್ಸಿಗೂ ಗರ್ಭಕಂಠದ ಕ್ಯಾನ್ಸರ್‌ಗೂ ಇರುವ ನಂಟನ್ನು ಜರ್ಮನಿಯ ಹೆರಾಲ್ಡ್ ತ್ಸುರ್ ಹೌಸೆನ್ 1980ರ ದಶಕದಲ್ಲಿ ತೋರಿಸಿದರು. 2008ರಲ್ಲಿ ನೊಬೆಲ್ ಬಂತು. ಎಚ್‌ಪಿವಿಯ 16 ಮತ್ತು 18ನೇ ಬಗೆಗಳೆರಡೇ ಈ ಕ್ಯಾನ್ಸರ್‌ನ ಸುಮಾರು 70 ಶೇಕಡಕ್ಕೆ ಕಾರಣ. 2006ರಲ್ಲಿ ಮೊದಲ ಲಸಿಕೆ ಮಾರುಕಟ್ಟೆಗೆ ಬಂದು, 2008ರಲ್ಲಿ ಭಾರತದಲ್ಲೂ ಪರವಾನಗಿ ಪಡೆಯಿತು.

ಎಡವಿದ್ದು ಆಮೇಲೆ. 2009ರಲ್ಲಿ ಆಗಿನ ಆಂಧ್ರದ ಖಮ್ಮಂ ಮತ್ತು ಗುಜರಾತಿನ ವಡೋದರಾದಲ್ಲಿ ಹುಡುಗಿಯರಿಗೆ ಈ ಲಸಿಕೆ ಹಾಕುವ ಪ್ರಾಯೋಗಿಕ ಯೋಜನೆ ಶುರುವಾಯಿತು. ಏಳು ಹುಡುಗಿಯರು ತೀರಿಕೊಂಡ ಸುದ್ದಿ ಎದ್ದು, 2010ರ ಏಪ್ರಿಲ್‌ನಲ್ಲಿ ಅದು ನಿಂತಿತು. ಸಾವುಗಳಿಗೆ ಲಸಿಕೆಯೇ ಕಾರಣವೆಂದು ತನಿಖೆಯಲ್ಲಿ ಕಂಡುಬರಲಿಲ್ಲ. ಹಾವು ಕಡಿತ, ನೀರಲ್ಲಿ ಮುಳುಗಿದ್ದು, ಕೀಟನಾಶಕ ಸೇವನೆಯಂಥ ಕಾರಣಗಳಿದ್ದವು. ಆದರೆ ಒಪ್ಪಿಗೆ ಪತ್ರಗಳು ಬೇರೆಯೇ ಕತೆ ಹೇಳಿದವು. ಎಷ್ಟೋ ಪತ್ರಗಳಿಗೆ ಸಹಿ ಹಾಕಿದ್ದು ತಂದೆ-ತಾಯಿಯಲ್ಲ, ಹಾಸ್ಟೆಲ್ ವಾರ್ಡನ್‌ಗಳು. 2013ರಲ್ಲಿ ಸಂಸದೀಯ ಸ್ಥಾಯಿ ಸಮಿತಿ ಇದನ್ನು ಕಟುವಾಗಿ ಖಂಡಿಸಿತು. ನಮ್ಮಲ್ಲಿ ಲಸಿಕೆಯ ಮೇಲೆ ಬಿದ್ದ ಅನುಮಾನದ ಬೇರು ಔಷಧಿಯಲ್ಲಿಲ್ಲ, ಆ ಸಹಿಗಳಲ್ಲಿದೆ.

ಅದೇ ತಡೆಯಿಂದ ಒಂದು ಲಾಭವೂ ಆಯಿತೆಂಬುದು ವಿಚಿತ್ರ. ಎರಡು ಡೋಸ್ ಸಾಕೋ ಮೂರು ಬೇಕೋ ಎಂದು ನೋಡಲು 2009ರಲ್ಲೇ ಆರಂಭವಾಗಿದ್ದ ಇನ್ನೊಂದು ಭಾರತೀಯ ಅಧ್ಯಯನವೂ 2010ರಲ್ಲಿ ನಡುವೆಯೇ ನಿಂತು, ಸುಮಾರು 5 ಸಾವಿರ ಹುಡುಗಿಯರಿಗೆ ಒಂದೇ ಡೋಸ್ ಸಿಕ್ಕಿತ್ತು. ಅವರನ್ನು ಹತ್ತು ವರ್ಷ ಗಮನಿಸಿದಾಗ 16, 18ನೇ ಬಗೆಗಳ ವಿರುದ್ಧ ಒಂದು ಡೋಸಿನ ರಕ್ಷಣೆ ಎರಡು, ಮೂರು ಡೋಸಿನಷ್ಟೇ ಗಟ್ಟಿಯಾಗಿತ್ತು. 2022ರ ಡಿಸೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಂದು ಡೋಸನ್ನೂ ಒಪ್ಪಿದ್ದಕ್ಕೆ ಇದ್ದ ಆಧಾರಗಳಲ್ಲಿ ಇದೂ ಒಂದು. ಅಷ್ಟರೊಳಗೆ ಸಿಕ್ಕಿಂ 2018ರಲ್ಲೇ ಇಡೀ ರಾಜ್ಯದ ಹುಡುಗಿಯರಿಗೆ ಲಸಿಕೆ ಹಾಕಿಸಿತ್ತು. 2023ರ ಜನವರಿಯಲ್ಲಿ ಪುಣೆಯ ಸೀರಂ ಸಂಸ್ಥೆಯ ಸರ್ವಾವ್ಯಾಕ್ ಬಿಡುಗಡೆಯಾಯಿತು. 2024ರ ಫೆಬ್ರವರಿಯ ಮಧ್ಯಂತರ ಬಜೆಟ್ 9ರಿಂದ 14 ವರ್ಷದ ಹುಡುಗಿಯರ ಲಸಿಕೆಗೆ ಪ್ರೋತ್ಸಾಹ ಕೊಡುವ ಮಾತಾಡಿತು.

ದಂತವೈದ್ಯರು ಇದರೊಳಗೆ ಬಂದದ್ದು ಅಮೆರಿಕದ ದಾರಿಯಿಂದ. ಅಲ್ಲಿ ಎಚ್‌ಪಿವಿಯಿಂದ ಬರುವ ಗಂಟಲ ಕ್ಯಾನ್ಸರ್ ಏರುತ್ತಿತ್ತು. 2018ರಲ್ಲಿ ಅಲ್ಲಿನ ದಂತವೈದ್ಯರ ಸಂಘ ಲಸಿಕೆಯನ್ನು ಬೆಂಬಲಿಸಿತು, 2019ರಲ್ಲಿ ಆರೆಗಾನ್ ರಾಜ್ಯ ಲಸಿಕೆ ಹಾಕುವ ಅಧಿಕಾರವನ್ನೇ ಅವರಿಗೆ ಕೊಟ್ಟಿತು. ಕೋಲಾರಕ್ಕೆ ಅಷ್ಟು ಬೇಡ. ಸೂಜಿ, ಫ್ರಿಜ್ಜು, ದಾಖಲೆ ಪ್ರಾಥಮಿಕ ಆರೋಗ್ಯ ಕೇಂದ್ರದ (ಪಿಎಚ್‌ಸಿ) ಕೈಯಲ್ಲೇ ಇರಲಿ. ದಂತವೈದ್ಯರಿಂದ ಬೇಕಿರುವುದು ಮಾತು ಮತ್ತು ಒಂದು ಚೀಟಿ. ಜ್ವರವಿಲ್ಲದ ಹತ್ತು-ಹನ್ನೆರಡರ ಹುಡುಗಿ ಆಸ್ಪತ್ರೆಗೆ ಬರುವುದೇ ಕಡಿಮೆ. ಹುಳುಕು ಹಲ್ಲಿಗಾದರೆ ಬರುತ್ತಾಳೆ, ಜೊತೆಗೆ ಅಪ್ಪನೋ ಅಮ್ಮನೋ ಇರುತ್ತಾರೆ. ಖಮ್ಮಂನಲ್ಲಿ ತಪ್ಪಿಹೋದ ಒಪ್ಪಿಗೆ ಕೇಳಲು ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಮಕ್ಕಳ ಆರೋಗ್ಯ ತಪಾಸಣೆಗೆ ಶಾಲೆಗೆ ಹೋಗುವ ಸರ್ಕಾರದ ಆರ್‌ಬಿಎಸ್‌ಕೆ ತಂಡ ಹುಳುಕು ಹಲ್ಲನ್ನೂ ನೋಡುವುದರಿಂದ, ಅವರು ತಾಲ್ಲೂಕು ಆಸ್ಪತ್ರೆಯ ದಂತ ವಿಭಾಗಕ್ಕೆ ಕಳಿಸುವ ಮಕ್ಕಳಿಂದಲೇ ಶುರು ಮಾಡಬಹುದು.

ದಂತ ವಿಭಾಗದ ಹೊರರೋಗಿ (ಒಪಿಡಿ) ಪುಸ್ತಕದಲ್ಲಿ 9ರಿಂದ 14ರ ಹುಡುಗಿಯರಿಗೆ ಲಸಿಕೆ ಆಯಿತೇ ಎಂದು ಬರೆಯಲು ಒಂದು ಕಾಲಂ ಎಳೆಯಿರಿ. ಮಾತು ಚಿಕ್ಕದಿರಲಿ: "ಗರ್ಭಕಂಠದ ಕ್ಯಾನ್ಸರ್ ತಡೆಯೋ ಲಸಿಕೆ ಇದೆಯಮ್ಮ, ಮಗಳಿಗೆ ಈ ವಯಸ್ಸಲ್ಲೇ ಹಾಕಿಸಿ." ಬೇಕಾದರೆ ಹಾಕಿಸಿ ಎಂದರೆ ಬೇಡ ಎಂದೇ ಅರ್ಥ. ಮಕ್ಕಳಾಗುವುದಿಲ್ಲವಂತೆ ಎಂದು ಅಜ್ಜಿ ಅನುಮಾನ ಎತ್ತಿದರೆ, ಲಸಿಕೆಯಲ್ಲಿ ಜೀವಂತ ವೈರಸ್ಸಿಲ್ಲ, ಅದರ ಹೊರಚಿಪ್ಪಿನಂಥ ಪ್ರೋಟೀನ್ ಮಾತ್ರ ಇದೆ, ಬಂಜೆತನ ಬರುವುದಿಲ್ಲ ಎಂದು ನೇರವಾಗಿ ಹೇಳಿ. ಮುಳಬಾಗಿಲು ಕಡೆಯವರಿಗೆ ಇದನ್ನೇ ತೆಲುಗಿನಲ್ಲಿ ಹೇಳಿದರೆ ಬೇಗ ನಾಟುತ್ತದೆ.

ಚೀಟಿಯಲ್ಲಿ ಹುಟ್ಟಿದ ತಾರೀಕು, ಊರು, ಫೋನ್ ನಂಬರ್, ಪಿಎಚ್‌ಸಿ ಹೆಸರು ಇರಬೇಕು. ಕೆಲಸ ಕೆಡುವುದು ಹೆಚ್ಚಾಗಿ ಇಲ್ಲೇ. ಚೀಟಿ ಹಿಡಿದು ಸೋಮವಾರ ಹೋದವರನ್ನು ಲಸಿಕೆಯ ದಿನವಾದ ಗುರುವಾರ ಬನ್ನಿ ಎಂದು ವಾಪಸು ಕಳಿಸಿದರೆ, ಒಂದು ದಿನದ ಕೂಲಿ ಕಳೆದುಕೊಂಡವರು ಮತ್ತೆ ಬರುವುದಿಲ್ಲ. ಆದ್ದರಿಂದ ಪಿಎಚ್‌ಸಿಯ ಸಿಸ್ಟರ್‌ಗೆ ಮೊದಲೇ ಫೋನ್ ಮಾಡಿ, ದಾಸ್ತಾನು ಇದೆಯೇ ಎಂದು ಕೇಳಿ, ದಿನವನ್ನು ಚೀಟಿಯ ಮೇಲೆಯೇ ಬರೆಯಿರಿ. ಒಂದು ಪ್ರತಿ ಆಶಾ ಕಾರ್ಯಕರ್ತೆಗೆ ಹೋಗಲಿ. ಎರಡು ವಾರವಾದರೂ ಕಾಲಂ ಖಾಲಿ ಇದ್ದರೆ ಮನೆಗೊಂದು ಕರೆ.

ಪಿಎಚ್‌ಸಿಯಲ್ಲಿ 0.5 ಮಿ.ಲೀ. ಲಸಿಕೆ ತೋಳಿನ ಸ್ನಾಯುವಿಗೆ. 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿಡಬೇಕು. ಹೆಪ್ಪುಗಟ್ಟಿದ ವಯಲ್ ಕರಗಿದರೂ ಕೆಲಸಕ್ಕೆ ಬಾರದು. ಈ ವಯಸ್ಸಿನವರು ಸೂಜಿಗೆ ತಲೆಸುತ್ತಿ ಬೀಳುವುದುಂಟು, ಕೂರಿಸಿಯೇ ಹಾಕಿ 15 ನಿಮಿಷ ಅಲ್ಲೇ ಇಟ್ಟುಕೊಳ್ಳಬೇಕು. ಎಚ್‌ಐವಿ ಇರುವ ಮಕ್ಕಳಿಗೆ ಒಂದು ಡೋಸ್ ಸಾಲದು. ಕನಿಷ್ಠ ಎರಡು, ಸಾಧ್ಯವಾದರೆ ಮೂರು. ಹಲ್ಲು ಕೀಳಿಸಿದ ದಿನವೇ ಲಸಿಕೆ ಹಾಕಲು ಮರಗಟ್ಟಿಸುವ ಮದ್ದು ಅಡ್ಡಿಯಲ್ಲ. ಆದರೂ ಒಂದೆರಡು ದಿನ ಬಿಡುವುದು ಜಾಣತನ: ಕೆನ್ನೆ ಊದಿದರೆ, ಜ್ವರ ಬಂದರೆ ಊರಿನವರು ದೂರುವುದು ಲಸಿಕೆಯನ್ನೇ. ಕೀವುಗಟ್ಟಿ ಜೋರು ಜ್ವರವಿದ್ದರಂತೂ ಇಳಿಯುವವರೆಗೆ ಕಾಯಬೇಕು.

ಮಗಳ ಜೊತೆ ಬಂದ ತಾಯಿಗೆ 30 ದಾಟಿದ್ದರೆ ಆಕೆಗೂ ಒಂದು ಚೀಟಿ ಬರೆಯಬಹುದು. 30 ದಾಟಿದವರಿಗೆ ಸರ್ಕಾರ ನಡೆಸುವ ತಪಾಸಣೆಯಲ್ಲಿ ಬಾಯಿ, ಸ್ತನ, ಗರ್ಭಕಂಠ ಮೂರೂ ಸೇರಿವೆ. ಬಾಯಿಯನ್ನು ದಂತವೈದ್ಯರು ಆ ಕುರ್ಚಿಯಲ್ಲೇ ನೋಡಿ ಮುಗಿಸಬಹುದು, ಕೆನ್ನೆಯಲ್ಲಿ ಉಂಡೆ ಇದ್ದರೆ ಉಗುಳಿಸಿ.