ಏರಿಳಿಯುವ ನೆಲದ ಮೇಲೊಂದು ಊರು: ಪೊಟ್ಸುವೋಲಿ

ಪೊಂಪೇಯಿಯನ್ನು ನೋಡಲು ಇಟಲಿಯ ನೇಪಲ್ಸಿಗೆ ಬರುವವರಲ್ಲಿ ಹೆಚ್ಚಿನವರು ಪಶ್ಚಿಮಕ್ಕಿರುವ ಪೊಟ್ಸುವೋಲಿಯತ್ತ ಹೊರಳುವುದಿಲ್ಲ. ರೋಮನ್ನರ ಕಾಲದಲ್ಲಾದರೋ ಎರಡರ ಪೈಕಿ ಹೆಚ್ಚು ಮಹತ್ವದ್ದು ಇದೇ ಆಗಿತ್ತು. ಸಾಮೋಸ್ ದ್ವೀಪದ ಗ್ರೀಕರು ಕ್ರಿ.ಪೂ. 6ನೆಯ ಶತಮಾನದಲ್ಲಿ ಕಟ್ಟಿದ ಈ ಊರು ಕ್ರಿ.ಪೂ. 194ರಲ್ಲಿ ರೋಮನ್ನರ ವಸಾಹತಾಯಿತು. ಈಜಿಪ್ಟಿನ ಗೋಧಿ ಹೊತ್ತ ಹಡಗುಗಳು ಇಲ್ಲಿಯೇ ಲಂಗರು ಹಾಕುತ್ತಿದ್ದವು. ಅವುಗಳ ಬರವನ್ನು ಸಾರುವ ದೋಣಿಗಳು ಕಂಡೊಡನೆ ಊರಿನವರೆಲ್ಲ ಹಡಗುಕಟ್ಟೆಗೆ ಧಾವಿಸುತ್ತಿದ್ದುದನ್ನು ರೋಮನ್ ತತ್ತ್ವಜ್ಞಾನಿ ಸೆನೆಕ ತನ್ನ ಪತ್ರವೊಂದರಲ್ಲಿ ವರ್ಣಿಸಿದ್ದಾನೆ.

ಊರು ಕುಳಿತಿರುವುದು ಬೆಟ್ಟದಂತೆ ಎದ್ದುನಿಂತ ಜ್ವಾಲಾಮುಖಿಯ ಬುಡದಲ್ಲಲ್ಲ, ಕಾಂಪಿ ಫ್ಲೆಗ್ರೇಯಿ ಎಂಬ, ಹತ್ತು ಕಿಲೋಮೀಟರಿಗೂ ಅಗಲವಾದ ಕುಸಿದ ಜ್ವಾಲಾಮುಖಿಯ ಒಡಲಲ್ಲಿ. ಸುಮಾರು 40 ಸಾವಿರ ಮತ್ತು 15 ಸಾವಿರ ವರ್ಷಗಳ ಹಿಂದಿನ ಎರಡು ಮಹಾಸ್ಫೋಟಗಳು ಇಲ್ಲಿ ಬೂದಿಯ ದಪ್ಪ ಪದರಗಳನ್ನು ಹಾಸಿ ಹೋದವು. ಆ ಬೂದಿಯನ್ನು ಸುಣ್ಣದೊಡನೆ ಕಲಸಿದರೆ ಗಾರೆಯು ನೀರಿನೊಳಗೂ ಗಟ್ಟಿಯಾಗುತ್ತದೆ ಎಂಬುದನ್ನು ರೋಮನ್ ವಾಸ್ತುಶಿಲ್ಪಿ ವಿಟ್ರೂವಿಯಸ್ ಕ್ರಿ.ಪೂ. 1ನೆಯ ಶತಮಾನದಲ್ಲೇ ಬರೆದಿಟ್ಟಿದ್ದಾನೆ. ಯೂದಾಯದ ರಾಜ ಹೆರೋದನು ತನ್ನ ನಾಡಿನ ಸಿಸೇರಿಯಾದಲ್ಲಿ ಬಂದರು ಕಟ್ಟಿಸಿದಾಗ ಈ ಬೂದಿಯನ್ನು ಮೆಡಿಟರೇನಿಯನ್ ದಾಟಿಸಿ ಸಾಗಿಸಲಾಯಿತು. ಇಂದಿನ ಕಾಂಕ್ರೀಟನ್ನು ಕಡಲ ನೀರು ಕೆಲವೇ ದಶಕಗಳಲ್ಲಿ ಸವೆಸಿಬಿಡಬಲ್ಲದು. ರೋಮನ್ನರ ಗಾರೆಯಲ್ಲಾದರೆ ಕಡಲ ನೀರೇ ಬೂದಿಯೊಡನೆ ವರ್ತಿಸಿ ಹೊಸ ಹರಳುಗಳನ್ನು ಬೆಳೆಸುತ್ತದೆ. ಪೊಟ್ಸುವೋಲಿಯ ಹೆಸರು ಲೋಕದಲ್ಲಿ ಉಳಿದಿರುವುದು ಮುಖ್ಯವಾಗಿ ಪೊಜೊಲಾನಾ ಎಂಬ ಈ ಬೂದಿಯಿಂದಲೇ.

ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ ಸೋಜಿಗವೆಂದರೆ ಊರಿನ ಹಳೆಯ ಸಂತೆಕಟ್ಟೆ. 1750ರಲ್ಲಿ ಅಗೆದಾಗ ಸೆರಾಪಿಸ್ ದೇವರ ಮೂರ್ತಿ ಸಿಕ್ಕಿದ್ದರಿಂದ ಅದನ್ನು ಬಹುಕಾಲ ದೇವಾಲಯವೆಂದೇ ನಂಬಲಾಗಿತ್ತು. ಅಲ್ಲಿ ನಿಂತಿರುವ ಮೂರು ಅಮೃತಶಿಲೆಯ ಕಂಬಗಳು ಬುಡದಿಂದ ಸುಮಾರು 3.6 ಮೀಟರಿನವರೆಗೆ ನುಣುಪಾಗಿವೆ. ಅದರ ಮೇಲೆ 2.7 ಮೀಟರಿನಷ್ಟು ಎತ್ತರದ ಪಟ್ಟಿಯಲ್ಲಿ ಕಲ್ಲೆಲ್ಲ ತೂತುತೂತಾಗಿದೆ. ಅದಕ್ಕೂ ಮೇಲೆ ಮತ್ತೆ ತೂತುಗಳಿಲ್ಲ. ತೂತು ಕೊರೆದದ್ದು ಲಿಥೋಫಾಗಾ ಎಂಬ ಚಿಪ್ಪುಜೀವಿ. ಸುಣ್ಣದ ಅಂಶವಿರುವ ಕಲ್ಲನ್ನು ತನ್ನ ಸ್ರಾವದಿಂದ ಕರಗಿಸಿಕೊಂಡು ಒಳಹೊಕ್ಕು ನೆಲೆಸುವ ಈ ಜೀವಿ ಕಡಲ ನೀರಿನಲ್ಲಿ ಮಾತ್ರ ಬದುಕುತ್ತದೆ. 1787ರಲ್ಲಿ ಇದನ್ನು ಕಂಡ ಜರ್ಮನ್ ಕವಿ ಗಯಟೆ, ಕಂಬಗಳ ನಡುವೆ ಎಂದೋ ನೀರು ಕಟ್ಟಿನಿಂತ ಕೊಳವಿದ್ದಿರಬೇಕೆಂದು ಊಹಿಸಿದ. ಬ್ರಿಟಿಷ್ ಭೂವಿಜ್ಞಾನಿ ಚಾರ್ಲ್ಸ್ ಲಯಲ್ 1828ರಲ್ಲಿ ಬಂದು ನೋಡಿ, ಚಲಿಸಿದ್ದು ನೀರಲ್ಲ, ನೆಲ ಎಂದು ವಾದಿಸಿದ: ಕಂಬಗಳ ಬುಡ ಹೂಳಿನಲ್ಲಿ ಹುದುಗಿದ್ದಾಗ ನೆಲ ಕಡಲಿಗಿಳಿಯಿತು, ಬಹುಕಾಲದ ಬಳಿಕ ಮತ್ತೆ ಮೇಲೆದ್ದಿತು, ಕಂಬಗಳು ಮಾತ್ರ ಬೀಳಲಿಲ್ಲ. 1830ರಲ್ಲಿ ಹೊರಬಂದ ತನ್ನ ಭೂವಿಜ್ಞಾನ ಗ್ರಂಥದ ಮುಖಚಿತ್ರವಾಗಿ ಅವನು ಆರಿಸಿಕೊಂಡದ್ದು ಈ ಕಂಬಗಳನ್ನೇ. ಕಣ್ಣಿಗೆ ಕಾಣದಷ್ಟು ನಿಧಾನದ ಬದಲಾವಣೆಗಳೇ ಭೂಮಿಯ ರೂಪವನ್ನು ತಿದ್ದುತ್ತವೆ ಎಂಬ ಅವನ ಮಾತಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿರಲಿಲ್ಲ.

ನೆಲ ಹೀಗೇಕೆ ಆಡುತ್ತದೆ? ಆಳದ ಶಿಲಾರಸದಿಂದ ಹೊರಟ ಅನಿಲ ಮತ್ತು ಬಿಸಿನೀರು ಮೇಲಿನ ಬಿಗಿ ಶಿಲಾಪದರದಡಿ ಸಿಕ್ಕಿಕೊಂಡು, ಮುಚ್ಚಳ ಬಿಗಿದ ಪಾತ್ರೆಯೊಳಗಿನ ಹಬೆಯಂತೆ ಒತ್ತಡ ಕಟ್ಟುತ್ತವೆ; ಒತ್ತಡ ಹೆಚ್ಚಿದಾಗ ನೆಲ ಉಬ್ಬುತ್ತದೆ, ಸೋರಿಹೋದಾಗ ತಗ್ಗುತ್ತದೆ. ಶಿಲಾರಸವೇ ಮೇಲೇರಿದರೂ ನೆಲ ಉಬ್ಬುತ್ತದೆ, ತೊಡಕಿರುವುದು ಅಲ್ಲಿಯೇ. 16ನೆಯ ಶತಮಾನದ ಆರಂಭದಲ್ಲಿ ಕಡಲು ಹಿಂದೆ ಸರಿದು ಹೊಸದಾಗಿ ತೋರಿದ ದಂಡೆಯನ್ನು ರಾಜಶಾಸನಗಳ ಮೂಲಕ ಊರಿಗೆ ದಾನ ಮಾಡಲಾಯಿತು. 1538ರ ಸೆಪ್ಟೆಂಬರ್ ಕೊನೆಯಲ್ಲಿ ನೆಲ ಬಿರಿದು, ಒಂದೇ ವಾರದಲ್ಲಿ ಮೋಂಟೆ ನುವೋವೋ ಎಂಬ ಹೊಸ ಗುಡ್ಡ ಎದ್ದು ಟ್ರಿಪೆರ್ಗೊಲೆ ಎಂಬ ಹಳ್ಳಿಯನ್ನು ನುಂಗಿತು. 1982ರಿಂದ 1984ರ ನಡುವೆಯೂ ನೆಲ ಸುಮಾರು 1.8 ಮೀಟರ್ ಏರಿತು, ಸುಮಾರು 40 ಸಾವಿರ ಜನರನ್ನು ಬೇರೆಡೆಗೆ ಸಾಗಿಸಲಾಯಿತು, ಆದರೆ ಸ್ಫೋಟವಾಗಲಿಲ್ಲ.

2005ರಿಂದ ನೆಲ ಮತ್ತೆ ಮೇಲೇಳುತ್ತಿದೆ. ಈವರೆಗಿನ ಏರಿಕೆ ಒಂದು ಮೀಟರನ್ನು ದಾಟಿದ್ದು, ಹಳೆಯ ಬಂದರಿನ ತಳ ಮೇಲೆದ್ದು ಸಣ್ಣ ದೋಣಿಗಳು ಕೆಸರಿನಲ್ಲಿ ಕೂರುತ್ತಿವೆ. 2024ರ ಮೇ ತಿಂಗಳಲ್ಲಿ 4.4 ತೀವ್ರತೆಯ ಕಂಪನದಿಂದ ಮನೆಗಳಿಗೆ ಹಾನಿಯಾಯಿತು. ಅಪಾಯ ವಲಯದಲ್ಲಿ ವಾಸಿಸುವವರು ಸುಮಾರು ಐದು ಲಕ್ಷ. ನೇಪಲ್ಸಿನ ವೆಸೂವಿಯಸ್ ವೀಕ್ಷಣಾಲಯದ ವಿಜ್ಞಾನಿಗಳು ಉಪಗ್ರಹಗಳಿಂದಲೂ ಅನಿಲದ ಮಾದರಿಗಳಿಂದಲೂ ಹಗಲಿರುಳು ಅಳೆಯುತ್ತಿರುವುದು, ಈ ಸಲದ ಉಬ್ಬು 1538ರ ಜಾತಿಯದೋ 1984ರ ಜಾತಿಯದೋ ಎಂಬುದನ್ನೇ.