ಉಪಗ್ರಹ ಹೇಳೋದು ಬರೀ ಗಂಟೆ

"ಮೇಲಿಂದ ಸ್ಯಾಟಲೈಟ್ ನಮ್ಮನ್ನು ನೋಡ್ತಾ ಇರ್ತದೆ ಮಾರಾಯ. ಮಾಡಿನ ಕೆಳಗೆ ಬಂದ್ರೆ ಮಾತ್ರ ಅದಕ್ಕೆ ಕಾಣೋದಿಲ್ಲ." ಮಾಟುಂಗಾದ ಹೋಟೆಲಿನಲ್ಲಿ ಇಡ್ಲಿ ಮುರಿಯುತ್ತಾ ಮಾವ ಹೇಳಿದರು. ಚೆನ್ನಾಗಿ ಓದಿದವರ ಬಾಯಲ್ಲೂ ಇದನ್ನೇ ಕೇಳಿದ್ದೇನೆ. ಹೆದರಬೇಕಾದ್ದು ಇದೆ, ಆದರೆ ಅದು ಆಕಾಶದಲ್ಲಿಲ್ಲ.

ಫೋನಿಗೆ ತಾನಿರುವ ಜಾಗ ತಿಳಿಯಲು ನೆರವಾಗುವ ಜಿಪಿಎಸ್ ಉಪಗ್ರಹಕ್ಕೆ ನಾವು ಇದ್ದೇವೆ ಅನ್ನೋದೇ ಗೊತ್ತಿಲ್ಲ. ಸುಮಾರು 20,200 ಕಿಲೋಮೀಟರ್ ಎತ್ತರದಿಂದ ಅದು ಸಾರುವುದು ಮುಖ್ಯವಾಗಿ ಎರಡು ಮಾತು: ನಾನು ಇಲ್ಲಿದ್ದೇನೆ, ಈಗ ಗಂಟೆ ಇಷ್ಟು. ಫೋನು ಅದನ್ನು ಸುಮ್ನೆ ಕೇಳಿಸಿಕೊಳ್ಳುತ್ತದೆ. ರೇಡಿಯೋದಲ್ಲಿ ವಾರ್ತೆ ಓದುವವರಿಗೆ ಡೊಂಬಿವಲಿಯಲ್ಲಿ ಯಾರು ಕೇಳುತ್ತಿದ್ದಾರೆ ಅಂತ ತಿಳಿಯೋದಿಲ್ಲ, ಅಲ್ವಾ?

ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಎಣಿಸಿ ದೂರ ಅಂದಾಜು ಮಾಡುತ್ತೇವಲ್ಲ, ಲೆಕ್ಕ ಅದೇ. ಕತ್ತಲಲ್ಲಿ ಕೂತಿದ್ದೀರಿ ಎನ್ನಿ. ಸುತ್ತಲಿನ ಮೂರು ದೇವಸ್ಥಾನಗಳಲ್ಲಿ ಸರಿಯಾಗಿ 7ಕ್ಕೆ ಗಂಟೆ ಬಾರಿಸುತ್ತಾರೆ. ಯಾವುದು ಎಷ್ಟು ತಡವಾಗಿ ಕಿವಿಗೆ ಬಿತ್ತು ಎಂದು ನೋಡಿದರೆ ನೀವು ಕೂತ ಜಾಗ ಸಿಕ್ಕಿತು. ನಿಮ್ಮ ಕೈಗಡಿಯಾರವೇ ತಪ್ಪಿದ್ದರೆ? ಇನ್ನೊಂದು ಗಂಟೆ ಬೇಕು. ಫೋನಿಗೆ ಕನಿಷ್ಠ ನಾಲ್ಕು ಉಪಗ್ರಹ ಬೇಕಾಗುವುದು ಅದಕ್ಕೇ. ಆದರೆ ರೇಡಿಯೋ ಅಲೆಯ ವೇಗ ಬೆಳಕಿನ ವೇಗ. ಗಡಿಯಾರ ಒಂದು ಮೈಕ್ರೋಸೆಕೆಂಡ್ ತಪ್ಪಿದರೆ ದೂರ 300 ಮೀಟರ್ ತಪ್ಪುತ್ತದೆ! ಮಾಡಿನ ಕೆಳಗೆ ಜಿಪಿಎಸ್ ತಡವರಿಸುವುದು ನಿಜ. ಅಷ್ಟು ದೂರದಿಂದ ಬರುವ ಅಲೆ ಸೋತಿರುತ್ತದೆ, ಅಷ್ಟೇ.

ದಾರಿ ತಿಳಿಯಲು ಗಡಿಯಾರ ಬೇಕು ಅನ್ನೋದು ಮುಂಬಯಿಗೆ ಹಳೆಯ ಪಾಠ. ಈಸ್ಟ್ ಇಂಡಿಯಾ ಕಂಪನಿ 1826ರಲ್ಲಿ ಕೊಲಾಬಾ ವೀಕ್ಷಣಾಲಯ ಕಟ್ಟಿಸಿದ್ದು ನಕ್ಷತ್ರ ನೋಡಿ ಸಮಯ ಇಡಲು, ಹಡಗುಗಳಿಗೆ ನೆರವಾಗಲು. ನಡುಸಮುದ್ರದಲ್ಲಿ ರೇಖಾಂಶ ಕಂಡುಕೊಳ್ಳಲು ನಂಬುವಂಥ ಗಡಿಯಾರ ಇರಲೇಬೇಕಿತ್ತು. ಇವತ್ತು ಎಷ್ಟೋ ಮೊಬೈಲ್ ಟವರುಗಳು ತಾಳ ತಪ್ಪದಿರುವುದೂ ಉಪಗ್ರಹದ ಗಂಟೆಯಿಂದಲೇ.

ಹಾಗಾದರೆ ಗುಟ್ಟು ಸೋರುವುದೆಲ್ಲಿ? ನಮ್ಮ ಜೇಬಿನಲ್ಲಿ. ಫೋನು ಲೆಕ್ಕ ಹಾಕಿದ ಜಾಗವನ್ನು ಆ್ಯಪ್‌ಗಳು ಇಂಟರ್ನೆಟ್ ಮೂಲಕ ತಮ್ಮ ಯಜಮಾನರಿಗೆ ಕಳಿಸುತ್ತವೆ. ಹೆಸರು ತೆಗೆದರೂ ಪ್ರಯೋಜನ ಕಡಿಮೆ. 15 ಲಕ್ಷ ಮೊಬೈಲ್ ಬಳಕೆದಾರರ ಓಡಾಟದ ಮೇಲೆ 2013ರಲ್ಲಿ ಬಂದ ಅಧ್ಯಯನದಲ್ಲಿ, ಯಾವಾಗ ಎಲ್ಲಿದ್ದರು ಎಂಬ ನಾಲ್ಕು ಸುಳಿವು ಸಿಕ್ಕರೆ 100ರಲ್ಲಿ 95 ಜನರನ್ನು ಗುಂಪಿನಿಂದ ಬೇರ್ಪಡಿಸಬಹುದಿತ್ತು. ಜಾಮೀನು ಪಡೆದವರು ಗೂಗಲ್ ಮ್ಯಾಪ್ಸ್‌ನಲ್ಲಿ ತಾವಿರುವ ಜಾಗವನ್ನು ತನಿಖಾಧಿಕಾರಿಗೆ ತೋರಿಸುತ್ತಲೇ ಇರಬೇಕು ಎಂಬ ಷರತ್ತನ್ನು ಸುಪ್ರೀಂ ಕೋರ್ಟ್ 2024ರಲ್ಲಿ ತಳ್ಳಿಹಾಕಿತು. ಆರೋಪಿಗೂ ಸಿಕ್ಕ ಈ ರಕ್ಷಣೆಯನ್ನು ನಾವು ಒಂದು ಬಟನ್ ಒತ್ತಿ ಬಿಟ್ಟುಕೊಡುತ್ತೇವೆ. ನನಗೆ ನಿಜಕ್ಕೂ ಸಂಕಟವಾಗುವುದು ಇಲ್ಲಿ.

ಮಾವನ ಫೋನು ತೆರೆದು ನೋಡಿದೆವು. ಪಂಚಾಂಗದ ಆ್ಯಪ್‌ಗೆ ನಿಖರ ಜಾಗದ ಅನುಮತಿ ಕೊಟ್ಟಿತ್ತು. ಸೂರ್ಯೋದಯ ಊರಿಂದ ಊರಿಗೆ ಬದಲಾಗುತ್ತದೆ, ಊರು ಗೊತ್ತಾಗಬೇಕು, ಸರಿ. ಅದಕ್ಕೆ ಮುಂಬಯಿ ಅಂದರೆ ಸಾಕು. ಮಾವ ಯಾವ ಹೋಟೆಲಿನಲ್ಲಿ ಕೂತಿದ್ದಾರೆ ಅನ್ನೋದು ಯಾಕೆ? ಅವರು ಆ ಅನುಮತಿಯನ್ನು 'ನಿಖರ'ದಿಂದ 'ಅಂದಾಜು' ಜಾಗಕ್ಕೆ ಬದಲಿಸಿದರು. ಆಮೇಲೆ ಕಾಫಿ ಆರುತ್ತಿದ್ದರೂ ಉಳಿದ ಆ್ಯಪ್‌ಗಳನ್ನು ಒಂದೊಂದಾಗಿ ನೋಡತೊಡಗಿದರು.