ಪಾಸ್‌ವರ್ಡ್ ಕಮಾಂಡಿನ ಸಾಲಿಗೆ ಬಂದದ್ದು ಹೇಗೆ

ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗಳಲ್ಲಿ, ಅದು ಹೊರವರ್ತುಲ ರಸ್ತೆಯಲ್ಲಿರಲಿ ಎಲೆಕ್ಟ್ರಾನಿಕ್ ಸಿಟಿಯಲ್ಲಿರಲಿ, ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಹಿರಿಯ ಸಹೋದ್ಯೋಗಿಗಳು ಕಳಿಸಿಕೊಡುವ ಕಮಾಂಡುಗಳಲ್ಲಿ ಡೇಟಾಬೇಸಿನ ಪಾಸ್‌ವರ್ಡ್ ಕೂಡ ಅದೇ ಸಾಲಿನಲ್ಲಿ ಸೇರಿಕೊಂಡಿರುವುದು ಅಪರೂಪವಲ್ಲ. ಆ ಸಾಲನ್ನು ಕಾಪಿ ಮಾಡಿ ಎಂಟರ್ ಒತ್ತಿದರೆ ಪಾಸ್‌ವರ್ಡ್ ಎರಡು ಕಡೆ ಉಳಿಯುತ್ತದೆ: ಕಮಾಂಡುಗಳನ್ನು ಓದಿ ನಡೆಸುವ ಶೆಲ್ ಇಟ್ಟುಕೊಳ್ಳುವ ಹಿಸ್ಟರಿ ಎಂಬ ದಾಖಲೆಯಲ್ಲಿ, ಮತ್ತು ಪ್ರೋಗ್ರಾಂ ನಡೆಯುವಷ್ಟು ಹೊತ್ತು ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್ ಎಲ್ಲರಿಗೂ ತೋರಿಸುವ ಪ್ರೊಸೆಸ್‌ಗಳ, ಅಂದರೆ ನಡೆಯುತ್ತಿರುವ ಪ್ರೋಗ್ರಾಂಗಳ, ಪಟ್ಟಿಯಲ್ಲಿ. ಇದಕ್ಕೆ ಬಳಕೆದಾರರ ಅಜಾಗರೂಕತೆಯನ್ನು ದೂರುವುದು ವಾಡಿಕೆ. ಆದರೆ ಈ ಸಮಸ್ಯೆಯ ಇತಿಹಾಸವನ್ನು ನೋಡಿದರೆ, ಹೊಣೆಯ ಹೆಚ್ಚಿನ ಪಾಲು ಅಂಥ ಅವಕಾಶವನ್ನು ಕೊಟ್ಟ ಟೂಲ್‌ಗಳದ್ದೇ ಎಂದು ನನಗೆ ಅನ್ನಿಸುತ್ತದೆ.

ಒಂದೇ ಕಂಪ್ಯೂಟರನ್ನು ಹಲವರು ಹಂಚಿಕೊಳ್ಳುವ ಪದ್ಧತಿಯ ಜೊತೆಗೇ ಪಾಸ್‌ವರ್ಡ್ ಬಂತು. 1960ರ ದಶಕದ ಆರಂಭದಲ್ಲಿ ಅಮೆರಿಕದ ಎಂಐಟಿಯಲ್ಲಿ ಫರ್ನಾಂಡೊ ಕೊರ್ಬಾಟೊ ಅವರ ತಂಡ ಕಟ್ಟಿದ ಸಿಟಿಎಸ್‌ಎಸ್ ವ್ಯವಸ್ಥೆಯಲ್ಲಿ ಟರ್ಮಿನಲ್ ಎಂದರೆ ಕಾಗದದ ಮೇಲೆ ಅಚ್ಚು ಮಾಡುವ ಯಂತ್ರ. ಪಾಸ್‌ವರ್ಡ್ ಟೈಪ್ ಮಾಡುವಾಗ ಅಚ್ಚಾಗುವುದನ್ನು ನಿಲ್ಲಿಸುವ ಏರ್ಪಾಡು ಅಲ್ಲೇ ಇತ್ತು. 1979ರ ಯುನಿಕ್ಸ್ ಆಪರೇಟಿಂಗ್ ಸಿಸ್ಟಮ್ಮಿನ ಏಳನೇ ಆವೃತ್ತಿ ಇದೇ ಕೆಲಸಕ್ಕೆ ಗೆಟ್‌ಪಾಸ್ ಎಂಬ ಫಂಕ್ಷನ್ ಕೊಟ್ಟಿತು. ಅದು ಟರ್ಮಿನಲನ್ನು ನೇರವಾಗಿ ತೆರೆಯುತ್ತಿತ್ತು, ಅಕ್ಷರಗಳು ಮೂಡದಂತೆ ಮಾಡಿ ಪಾಸ್‌ವರ್ಡ್ ಓದುತ್ತಿತ್ತು, ಮುಗಿದ ಮೇಲೆ ಟರ್ಮಿನಲನ್ನು ಮೊದಲಿನ ಸ್ಥಿತಿಗೆ ತರುತ್ತಿತ್ತು. ಟರ್ಮಿನಲನ್ನೇ ತೆರೆಯುವ ಈ ಕ್ರಮ ಬಹಳ ಮುಖ್ಯ: ಪ್ರೋಗ್ರಾಮಿನ ಇನ್‌ಪುಟ್ ಯಾವುದೋ ಫೈಲಿನಿಂದ ಬರುತ್ತಿದ್ದರೂ ಪಾಸ್‌ವರ್ಡನ್ನು ಎದುರಿಗೆ ಕೂತ ಮನುಷ್ಯನಿಂದಲೇ ಕೇಳಬಹುದು.

ಆದರೆ ಆ ಗೆಟ್‌ಪಾಸ್ ಎಂಟು ಅಕ್ಷರಗಳಿಗಿಂತ ಹೆಚ್ಚು ಹಿಂದಿರುಗಿಸುತ್ತಿರಲಿಲ್ಲ, ಓದಿದ್ದನ್ನು ತನ್ನದೇ ಮೆಮೊರಿಯಲ್ಲಿ ಹಾಗೆಯೇ ಬಿಟ್ಟಿರುತ್ತಿತ್ತು. ಯುನಿಕ್ಸ್ ಮಾದರಿಯ ವ್ಯವಸ್ಥೆಗಳಿಗಾಗಿ ಇರುವ ಪಾಸಿಕ್ಸ್ ಮಾನದಂಡದ 2001ರ ಆವೃತ್ತಿಯಿಂದ ಅದನ್ನು ಕೈಬಿಡಲಾಯಿತು. ಅದೇ ವರ್ಷ ಯುನಿಕ್ಸ್ ಮಾದರಿಯ ಓಪನ್‌ಬಿಎಸ್‌ಡಿ ವ್ಯವಸ್ಥೆಯ 2.9ನೇ ಆವೃತ್ತಿಯಲ್ಲಿ ಬಂದ ರೀಡ್‌ಪಾಸ್‌ಫ್ರೇಸ್ ಫಂಕ್ಷನ್, ತನ್ನನ್ನು ಕರೆದ ಪ್ರೋಗ್ರಾಮೇ ಕೊಟ್ಟ ಮೆಮೊರಿಯ ಜಾಗಕ್ಕೆ ಓದುತ್ತದೆ, ನಡುವೆ ಕಂಟ್ರೋಲ್-ಸಿ ಒತ್ತಿದರೂ ಟರ್ಮಿನಲನ್ನು ಸರಿಪಡಿಸಿಯೇ ಹೋಗುತ್ತದೆ. ಓದಿದ ಗುಟ್ಟನ್ನು ಮೆಮೊರಿಯಿಂದ ಅಳಿಸುವುದೂ ಸುಲಭವಲ್ಲ; ಮುಂದೆ ಬಳಸದ ಜಾಗವನ್ನು ಸೊನ್ನೆಯಿಂದ ತುಂಬುವ ಸಾಲು ವ್ಯರ್ಥವೆಂದು, ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತರುವ ಕಂಪೈಲರ್ ಅದನ್ನು ತೆಗೆದುಹಾಕಬಹುದು. ಅದನ್ನು ತಡೆಯುವ ಫಂಕ್ಷನ್ ಲಿನಕ್ಸಿನ ಮೂಲ ಫಂಕ್ಷನ್‌ಗಳ ಸಂಗ್ರಹವಾದ ಜಿಲಿಬ್‌ಸಿಗೆ ಬಂದದ್ದು 2017ರಲ್ಲಿ.

ಇಷ್ಟೆಲ್ಲ ಎಚ್ಚರ ಟೈಪ್ ಮಾಡುವ ಮನುಷ್ಯನಿದ್ದಾಗ ಮಾತ್ರ ಉಪಯೋಗಕ್ಕೆ ಬರುತ್ತದೆ. ರಾತ್ರಿ ತಾನಾಗಿಯೇ ನಡೆಯುವ ಬ್ಯಾಕಪ್ ಸ್ಕ್ರಿಪ್ಟಿಗೆ ಪಾಸ್‌ವರ್ಡ್ ಕೊಡುವವರು ಯಾರು? ಅನೇಕ ಟೂಲ್‌ಗಳು ಅದನ್ನು ಕಮಾಂಡಿನಲ್ಲೇ ಬರೆಯಲು ಬಿಟ್ಟವು. ಲಿನಕ್ಸಿನಲ್ಲಿ ಸಾಮಾನ್ಯವಾಗಿ ಒಬ್ಬರ ಪ್ರೊಸೆಸ್ಸಿನ ಪೂರ್ತಿ ಕಮಾಂಡನ್ನು ಅದೇ ಯಂತ್ರಕ್ಕೆ ಲಾಗಿನ್ ಆದ ಯಾರು ಬೇಕಾದರೂ ಪಿಎಸ್ ಎಂಬ ಎರಡಕ್ಷರದ ಕಮಾಂಡಿನಿಂದ ನೋಡಬಹುದು. ಇದನ್ನು ಮರೆಮಾಡುವ ಹೈಡ್‌ಪಿಡ್ ಆಯ್ಕೆ 2012ರ ಲಿನಕ್ಸ್ 3.3ರಲ್ಲಿ ಬಂತು, ಆದರೆ ಅದನ್ನು ಆಡಳಿತಗಾರರು ಬೇಕೆಂದೇ ಆನ್ ಮಾಡಬೇಕು. ಹತ್ತಾರು ಜನ ಒಂದೇ ಸರ್ವರಿನಲ್ಲಿ ಕೆಲಸ ಮಾಡುವ ಈ ನಗರದ ಕಂಪನಿಗಳಲ್ಲಿ, ಪ್ರಯೋಗಾಲಯಗಳಲ್ಲಿ ಇದು ಪುಸ್ತಕದೊಳಗಿನ ಭಯವಲ್ಲ.

ಟೂಲ್‌ಗಳು ತೇಪೆ ಹಚ್ಚಲು ನೋಡಿದವು. ಮೈಎಸ್‌ಕ್ಯುಎಲ್ ಡೇಟಾಬೇಸಿನ ಕ್ಲೈಂಟ್ ಶುರುವಾದೊಡನೆ ತನ್ನ ಕಮಾಂಡಿನಲ್ಲಿರುವ ಪಾಸ್‌ವರ್ಡನ್ನು ಅಳಿಸಿ ಬರೆಯುತ್ತದೆ, ಆದರೂ ಅಷ್ಟರೊಳಗೆ ಒಂದು ಕ್ಷಣ ಅದು ಕಾಣುತ್ತದೆ, 5.6ನೇ ಆವೃತ್ತಿಯಿಂದ ಎಚ್ಚರಿಕೆಯನ್ನೂ ಕೊಡುತ್ತದೆ. ಪ್ರೋಗ್ರಾಂಗಳನ್ನು ಕಂಟೇನರ್‌ಗಳಲ್ಲಿ ನಡೆಸುವ ಡಾಕರ್ 2017ರಲ್ಲಿ ಪಾಸ್‌ವರ್ಡನ್ನು ಇನ್‌ಪುಟ್‌ನಿಂದ ಓದುವ ಆಯ್ಕೆ ಸೇರಿಸಿತು. ಎಚ್ಚರಿಕೆಯ ಸಾಲುಗಳನ್ನು ಜನ ಓದದೆ ದಾಟುತ್ತಾರೆ. ದೂರದ ಯಂತ್ರಕ್ಕೆ ಲಾಗಿನ್ ಆಗಲು ಬಳಸುವ ಓಪನ್‌ಎಸ್‌ಎಸ್‌ಎಚ್ ಮಾಡಿದಂತೆ ಅಂಥ ಆಯ್ಕೆಯನ್ನೇ ಕೊಡದಿರುವುದು ನನ್ನ ದೃಷ್ಟಿಯಲ್ಲಿ ಹೆಚ್ಚು ಪ್ರಾಮಾಣಿಕ. ಪ್ರೊಸೆಸ್ಸಿನ ಜೊತೆಗೆ ಹೆಸರಿಟ್ಟು ಕಳಿಸುವ ಮೌಲ್ಯ, ಅಂದರೆ ಎನ್ವಿರಾನ್ಮೆಂಟ್ ವೇರಿಯಬಲ್, ಸ್ವಲ್ಪ ಮೇಲು, ಏಕೆಂದರೆ ಅದನ್ನು ಅದೇ ಬಳಕೆದಾರ ಮತ್ತು ರೂಟ್ ಎಂಬ ಆಡಳಿತಗಾರ ಖಾತೆ ಮಾತ್ರ ನೋಡಬಹುದು. ಆದರೆ ಅದು ಆ ಪ್ರೊಸೆಸ್ ಶುರುಮಾಡುವ ಬೇರೆ ಪ್ರೊಸೆಸ್‌ಗಳಿಗೆಲ್ಲ ಹರಿದುಹೋಗುತ್ತದೆ, ಎರರ್ ರಿಪೋರ್ಟಿನಲ್ಲೂ ಸೇರಿಬಿಡುತ್ತದೆ.

ಇನ್‌ಪುಟ್‌ನಿಂದ ಓದುವ ಟೂಲ್ ಸಿಕ್ಕರೂ ಒಂದು ತೊಡಕು ಉಳಿಯುತ್ತದೆ. ಕೊಟ್ಟದ್ದನ್ನೇ ಮರಳಿ ಬರೆಯುವ ಎಕೋ ಕಮಾಂಡಿನ ಮುಂದೆ ಪಾಸ್‌ವರ್ಡ್ ಬರೆದು ಟೂಲ್‌ನ ಇನ್‌ಪುಟ್‌ಗೆ ಪೈಪ್ ಮಾಡಿದರೆ, ಎಕೋ ಶೆಲ್‌ನದೇ ಭಾಗವಾದ್ದರಿಂದ ಪಿಎಸ್‌ನಲ್ಲಿ ಅದು ಕಾಣದು, ಹಿಸ್ಟರಿಯಲ್ಲಿ ಮಾತ್ರ ಇದ್ದೇ ಇರುತ್ತದೆ. ಮಾಲೀಕನೊಬ್ಬನೇ ಓದಬಲ್ಲ ಫೈಲಿನಿಂದ ಇನ್‌ಪುಟ್ ತಿರುಗಿಸಿದರೆ ಪಿಎಸ್, ಹಿಸ್ಟರಿ ಎರಡರಲ್ಲೂ ಅದು ಕಾಣುವುದಿಲ್ಲ. ಪಾಸ್‌ವರ್ಡ್‌ಗಳನ್ನು ಪಿಜಿಪಾಸ್ ಎಂಬ ಫೈಲಿನಿಂದ ಓದಬಲ್ಲ ಪೋಸ್ಟ್‌ಗ್ರೆಸ್ ಡೇಟಾಬೇಸ್ ಈ ನಿಯಮವನ್ನು ಕಡ್ಡಾಯವಾಗಿಯೇ ಕಾಯುತ್ತದೆ: ಯುನಿಕ್ಸ್ ಮಾದರಿಯ ವ್ಯವಸ್ಥೆಗಳಲ್ಲಿ ಆ ಫೈಲನ್ನು ಬೇರೆಯವರೂ ಓದುವಂತಿದ್ದರೆ, ಒಳಗಿನ ಪಾಸ್‌ವರ್ಡ್ ಸರಿಯಾಗಿದ್ದರೂ ಅದನ್ನು ಬಳಸುವುದೇ ಇಲ್ಲ.